ಹಳೆಯ ಲ್ಯಾಪ್‌ಟಾಪ್‌ಗೆ ಲಿನಕ್ಸ್: ಕನ್ನಡ, ಕೆಲಸ, ಆಟ ಎಲ್ಲವನ್ನೂ ಹೊಂದಿಸುವುದು ಹೇಗೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11 ಹಾಕೋಣ ಎಂದರೆ ಟಿಪಿಎಂ 2.0 ಎಂಬ ಸುರಕ್ಷತಾ ಚಿಪ್ ಬೇಕು, ಪ್ರೊಸೆಸರ್ ಕೂಡ ಈಚಿನದಾಗಿರಬೇಕು. ಹಾಗಾಗಿ ಚೆನ್ನಾಗಿಯೇ ಓಡುತ್ತಿರುವ ಎಷ್ಟೋ ಲ್ಯಾಪ್‌ಟಾಪ್‌ಗಳು ಬೀರು ಸೇರುವ ಸ್ಥಿತಿಗೆ ಬಂದಿವೆ. ಅವನ್ನು ಮಾರಬೇಡಿ, ಗುಜರಿಗೂ ಹಾಕಬೇಡಿ. 4 ಜಿಬಿ ರ‍್ಯಾಮ್ ಇರುವ 64 ಬಿಟ್ ಯಂತ್ರವಾದರೆ ಸಾಕು, ವಿಂಡೋಸ್ ಬದಲಿಗೆ ಲಿನಕ್ಸ್ ಎಂಬ ಪುಕ್ಕಟೆ ಆಪರೇಟಿಂಗ್ ಸಿಸ್ಟಮ್ ಹಾಕಿ ಇನ್ನೂ ಹಲವು ವರ್ಷ ನೆಮ್ಮದಿಯಿಂದ ಬಳಸಬಹುದು. ಪತ್ರ ಬರೆಯಲು, ಫೋಟೋ ತಿದ್ದಲು, ಮಕ್ಕಳಿಗೆ ಕಲಿಸಲು, ಆಟ ಆಡಲು ಬೇಕಾದ ತಂತ್ರಾಂಶವೆಲ್ಲ ಪುಕ್ಕಟೆಯಾಗಿ, ಕಾನೂನಿನ ಪ್ರಕಾರವೇ ಸಿಗುತ್ತದೆ. ಕ್ರ್ಯಾಕ್ ಮಾಡಿದ ಪ್ರತಿ ಹುಡುಕುವ ಕಷ್ಟವೇ ಇಲ್ಲ.

ಲಿನಕ್ಸ್ ಹಾಕಿ ಕೆಲವೇ ದಿನಗಳಲ್ಲಿ ಬಿಟ್ಟುಬಿಡುವವರೂ ಇದ್ದಾರೆ. ಹೆಚ್ಚಿನ ಸಲ ಅದಕ್ಕೆ ಕಾರಣ ಲಿನಕ್ಸ್ ಅಲ್ಲ, ಆತುರ. ಆಪರೇಟಿಂಗ್ ಸಿಸ್ಟಮ್ಮು, ಬರೆಯುವ ತಂತ್ರಾಂಶ, ಕೀಬೋರ್ಡ್ ವಿನ್ಯಾಸ, ಪ್ರಿಂಟರ್ ಎಲ್ಲವನ್ನೂ ಒಂದೇ ದಿನ ಬದಲಿಸಿದರೆ ಯಾರಿಗಾದರೂ ತಲೆ ಕೆಡುತ್ತದೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು ಇಷ್ಟು: ಮೊದಲು ತಂತ್ರಾಂಶ ಬದಲಿಸಿ, ಆಮೇಲೆ ಸಿಸ್ಟಮ್ ಬದಲಿಸಿ. ಈ ಲೇಖನದ ಹಂತಗಳೂ ಅದೇ ಕ್ರಮದಲ್ಲಿವೆ.

ಹಂತ 1: ವಿಂಡೋಸ್‌ನಲ್ಲೇ ಅಭ್ಯಾಸ ಶುರುಮಾಡಿ

ಒಂದು ಹಾಳೆ ತೆಗೆದುಕೊಳ್ಳಿ. ಒಂದು ವಾರ ಕಂಪ್ಯೂಟರಿನಲ್ಲಿ ನೀವು ತೆರೆಯುವ ತಂತ್ರಾಂಶಗಳನ್ನೆಲ್ಲ ಅದರಲ್ಲಿ ಬರೆಯುತ್ತಾ ಹೋಗಿ. ಬಹಳ ಜನರ ಪಟ್ಟಿ ಚಿಕ್ಕದೇ ಇರುತ್ತದೆ: ಬ್ರೌಸರ್, ವರ್ಡ್, ಎಕ್ಸೆಲ್, ಪಿಡಿಎಫ್, ವಿಡಿಯೋ ಪ್ಲೇಯರ್, ಕನ್ನಡ ಟೈಪಿಂಗ್, ಒಂದೆರಡು ಆಟ.

ಈಗ ವಿಂಡೋಸ್‌ನಲ್ಲೇ ಬ್ರೌಸರಿಗೆ ಫೈರ್‌ಫಾಕ್ಸ್, ವರ್ಡ್-ಎಕ್ಸೆಲ್ ಬದಲಿಗೆ ಲಿಬ್ರೆಆಫೀಸ್, ವಿಡಿಯೋಗೆ ವಿಎಲ್‌ಸಿ, ಫೋಟೋ ತಿದ್ದಲು ಗಿಂಪ್ ಹಾಕಿಕೊಳ್ಳಿ. ಇವೆಲ್ಲ ವಿಂಡೋಸ್‌ಗೂ ಸಿಗುತ್ತವೆ, ಲಿನಕ್ಸ್‌ನಲ್ಲೂ ಹೆಚ್ಚುಕಡಿಮೆ ಹೀಗೇ ಕಾಣುತ್ತವೆ. ಒಂದು ತಿಂಗಳು ಇವುಗಳಲ್ಲೇ ಕೆಲಸ ಮಾಡಿ. ನಿಮ್ಮ ನಿಜವಾದ ಫೈಲುಗಳನ್ನೇ ತೆರೆಯಿರಿ: ಸೊಸೈಟಿಯ ಲೆಕ್ಕದ ಹಾಳೆ, ಮಗಳ ಪ್ರಾಜೆಕ್ಟ್ ವರದಿ, ಹಳೆಯ ಬಯೋಡೇಟಾ. ಎಲ್ಲಿ ತೊಡಕಾಗುತ್ತದೆ ಎಂಬುದು ಈಗಲೇ ಗೊತ್ತಾಗಿಬಿಡುತ್ತದೆ. ಹಿಂದಿನ ತಂತ್ರಾಂಶ ಪಕ್ಕದಲ್ಲೇ ಇರುವುದರಿಂದ ಕೆಲಸವೂ ನಿಲ್ಲುವುದಿಲ್ಲ.

ಪಟ್ಟಿಯಲ್ಲಿ ಟ್ಯಾಲಿ, ಆಟೋಕ್ಯಾಡ್, ಫೋಟೋಶಾಪ್‌ನಂಥವು ಇದ್ದರೆ ಈಗಲೇ ಯೋಚಿಸಿ. ಇವಕ್ಕೆ ಲಿನಕ್ಸ್ ಆವೃತ್ತಿ ಇಲ್ಲ. 1993ರಿಂದ ಬೆಳೆದುಬಂದಿರುವ ವೈನ್ ಎಂಬ ತಂತ್ರಾಂಶ ಕೆಲವು ವಿಂಡೋಸ್ ಪ್ರೋಗ್ರಾಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುತ್ತದೆ, ನಿಜ. ಆದರೆ ಹೊಟ್ಟೆಪಾಡಿನ ಕೆಲಸವನ್ನು ಅದರ ಮೇಲೆ ಬಿಡಬೇಡಿ. ಅಂಥವರು ವಿಂಡೋಸನ್ನು ಉಳಿಸಿಕೊಂಡು ಪಕ್ಕದಲ್ಲಿ ಲಿನಕ್ಸ್ ಹಾಕಿಕೊಳ್ಳುವುದೇ ಸರಿ.

ಹಂತ 2: ಯಾವ ಲಿನಕ್ಸ್?

ಲಿನಕ್ಸ್‌ನಲ್ಲಿ ಹಲವು ಬಗೆಗಳಿವೆ, ಯಾವುದು ಒಳ್ಳೆಯದು ಎಂಬ ವಾದಕ್ಕೆ ಕೊನೆಯಿಲ್ಲ. ಹೊಸಬರಿಗೆ ನನ್ನ ಉತ್ತರ ಒಂದೇ: ಲಿನಕ್ಸ್ ಮಿಂಟ್. ಕೆಳಗೆ ಸ್ಟಾರ್ಟ್ ಬಟನ್ನಿನಂಥ ಮೆನು, ಟಾಸ್ಕ್‌ಬಾರ್, ಬಲಗಡೆ ಗಡಿಯಾರ. ವಿಂಡೋಸ್ ಬಳಸಿದವರಿಗೆ ಕೈ ತಪ್ಪುವುದಿಲ್ಲ. 2024ರ ಜುಲೈಯಲ್ಲಿ ಬಂದ 22ನೇ ಸರಣಿಗೆ 2029ರವರೆಗೆ ಸುರಕ್ಷತಾ ಅಪ್‌ಡೇಟ್ ಸಿಗುತ್ತದೆ.

ಇದರಲ್ಲಿ ಮೂರು ಬಗೆ ಇವೆ. 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್ ತೆಗೆದುಕೊಳ್ಳಿ. 4 ಜಿಬಿ ಇದ್ದರೆ ಎಕ್ಸ್‌ಎಫ್‌ಸಿಇ, ಅದು ತುಂಬ ಹಗುರ. ನಡುವಿನದು ಮಾಟೆ. 2 ಜಿಬಿಯಲ್ಲೂ ಓಡುತ್ತದೆ ಎಂದು ಮಿಂಟ್‌ನವರು ಹೇಳುತ್ತಾರೆ, ಆದರೆ ಬ್ರೌಸರಿನಲ್ಲಿ ನಾಲ್ಕು ಟ್ಯಾಬ್ ತೆರೆದರೆ ಏದುಸಿರು ಬಿಡುತ್ತದೆ. ಹಾರ್ಡ್ ಡಿಸ್ಕ್ ಇರುವ ಹಳೆಯ ಲ್ಯಾಪ್‌ಟಾಪ್ ಆದರೆ, ಹಣ ಖರ್ಚು ಮಾಡುವ ಮನಸ್ಸಿದ್ದರೆ, ಮೊದಲು ಅದರ ಬದಲಿಗೆ ಒಂದು ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿಗಿಂತ ಬಹಳ ವೇಗದ ಡಿಸ್ಕ್) ಹಾಕಿಸಿ. ಬೇರೆ ಯಾವ ರಿಪೇರಿಯೂ ಇಷ್ಟು ವ್ಯತ್ಯಾಸ ತರುವುದಿಲ್ಲ.

ಮಿಂಟ್ ಬಿಟ್ಟು ಡೆಬಿಯನ್, ಫೆಡೋರಾದಂಥ ಬೇರೆ ಲಿನಕ್ಸ್ ಬಳಸುವವರಿಗೂ ಮುಂದೆ ಹೇಳುವ ತಂತ್ರಾಂಶಗಳು ಸಿಗುತ್ತವೆ. ಲಿನಕ್ಸ್ ಅಲ್ಲದ ಫ್ರೀಬಿಎಸ್‌ಡಿ ಎಂಬ ಸಿಸ್ಟಮ್ ಹಾಕಿಕೊಂಡವರಿಗೂ ಬಹುಪಾಲು ಅಲ್ಲಿನ ಪೋರ್ಟ್ಸ್ ಸಂಗ್ರಹದಲ್ಲಿ ಇವೆ.

ಹಂತ 3: ಪೆನ್‌ಡ್ರೈವ್ ಸಿದ್ಧಮಾಡಿ

ಮಿಂಟ್‌ನ ಐಎಸ್‌ಒ ಫೈಲ್, ಅಂದರೆ ಇಡೀ ಸಿಸ್ಟಮ್ ಒಂದೇ ಕಡೆ ಇರುವ ಫೈಲ್, ಸುಮಾರು 3 ಜಿಬಿ ಇದೆ. ಅದನ್ನು ಮಿಂಟ್‌ನ ಅಧಿಕೃತ ತಾಣದಿಂದ ಮಾತ್ರ ಇಳಿಸಿಕೊಳ್ಳಿ. ಇಳಿಸಿದ ಮೇಲೆ ಫೈಲಿನ ಬೆರಳಚ್ಚಿನಂತಿರುವ ಅದರ ಶಾ-256 (SHA-256) ಮೊತ್ತವನ್ನು ತಾಳೆ ನೋಡಿ. 64 ಅಕ್ಷರ-ಅಂಕಿಗಳ ಆ ಸಾಲು ತಾಣದಲ್ಲಿ ಕೊಟ್ಟಿರುವುದಕ್ಕೆ ಸರಿಯಾಗಿ ಹೊಂದಬೇಕು. ಒಂದು ಅಕ್ಷರ ಬೇರೆಯಾದರೂ ಆ ಫೈಲ್ ಬೇಡ. ಇದನ್ನು ಸುಮ್ನೆ ಹೇಳುತ್ತಿಲ್ಲ. 2016ರ ಫೆಬ್ರುವರಿಯಲ್ಲಿ ಮಿಂಟ್‌ನ ತಾಣಕ್ಕೇ ಕನ್ನ ಹಾಕಿ, ಕಳ್ಳಬಾಗಿಲು ಇರುವ ಐಎಸ್‌ಒಗೆ ಕೊಂಡಿ ಬದಲಿಸಿದ್ದರು. ಹಾಗೆ ಬದಲಾದ ಫೈಲಿನ ಮೊತ್ತ ಮೂಲ ಫೈಲಿನ ಮೊತ್ತಕ್ಕೆ ಹೊಂದುವುದಿಲ್ಲ.

8 ಜಿಬಿಯ ಪೆನ್‌ಡ್ರೈವ್ ತೆಗೆದುಕೊಳ್ಳಿ. ಅದರಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮೊದಲೇ ನಕಲು ಮಾಡಿಟ್ಟುಕೊಳ್ಳಿ. ವಿಂಡೋಸ್‌ನಲ್ಲಿ ರೂಫಸ್ ಎಂಬ ಪುಕ್ಕಟೆ ತಂತ್ರಾಂಶ ಇಳಿಸಿ ತೆರೆದು, ಐಎಸ್‌ಒ ಆರಿಸಿ, ಸ್ಟಾರ್ಟ್ ಒತ್ತಿದರೆ ಆಯಿತು.

ಇನ್ನೊಂದು ಮುಖ್ಯ ಕೆಲಸ ಬ್ಯಾಕಪ್. ನಿಮ್ಮ ಫೋಟೋ, ಕಾಗದಪತ್ರಗಳನ್ನು ಬೇರೆ ಹಾರ್ಡ್ ಡಿಸ್ಕಿಗೆ ಹಾಕಿ, ಅಲ್ಲಿಂದ ಒಂದೆರಡನ್ನು ತೆರೆದು ನೋಡಿ ಖಾತ್ರಿ ಮಾಡಿಕೊಳ್ಳಿ. ವಿಂಡೋಸ್ ಉಳಿಸಿಕೊಳ್ಳುವವರು ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಚಾಲೂ ಇದೆಯೇ ನೋಡಿ, ಇದ್ದರೆ ಅದರ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ. ಪವರ್ ಸೆಟ್ಟಿಂಗ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಲಿನಕ್ಸ್‌ನಿಂದ ಆ ಡ್ರೈವ್‌ನಲ್ಲಿ ಫೈಲ್ ಉಳಿಸಲು ಆಗುವುದಿಲ್ಲ.

ಹಂತ 4: ಹಾಕುವ ಮೊದಲು ಓಡಿಸಿ ನೋಡಿ

ಲಿನಕ್ಸ್‌ನ ದೊಡ್ಡ ಅನುಕೂಲ ಇದು. ಪೆನ್‌ಡ್ರೈವ್‌ನಿಂದಲೇ ಇಡೀ ಸಿಸ್ಟಮ್ ಓಡುತ್ತದೆ, ನಿಮ್ಮ ಡಿಸ್ಕನ್ನು ಮುಟ್ಟುವುದಿಲ್ಲ. ಲ್ಯಾಪ್‌ಟಾಪ್ ಆನ್ ಮಾಡುವಾಗ ಡೆಲ್, ಲೆನೊವೊಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್‌ಪಿಯಲ್ಲಿ ಎಫ್9, ಏಸಸ್‌ನಲ್ಲಿ ಎಸ್ಕೇಪ್ ಒತ್ತಿದರೆ ಬೂಟ್ ಮೆನು ಬರುತ್ತದೆ. ಅಲ್ಲಿ ಪೆನ್‌ಡ್ರೈವ್ ಆರಿಸಿ.

ಡೆಸ್ಕ್‌ಟಾಪ್ ಬಂದ ಮೇಲೆ ಇವನ್ನೆಲ್ಲ ಒಂದೊಂದಾಗಿ ನೋಡಿ. ವೈಫೈ ಸಿಗುತ್ತಿದೆಯೇ? ಯೂಟ್ಯೂಬ್‌ನಲ್ಲಿ ಹಾಡು ಹಾಕಿದರೆ ಸದ್ದು ಬರುತ್ತಿದೆಯೇ? ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿ, ಟಚ್‌ಪ್ಯಾಡ್, ಕ್ಯಾಮೆರಾ ಕೆಲಸ ಮಾಡುತ್ತಿವೆಯೇ? ಲ್ಯಾಪ್‌ಟಾಪ್ ಮುಚ್ಚಿ ತೆರೆದರೆ ಸರಿಯಾಗಿ ಎಚ್ಚರವಾಗುತ್ತದೆಯೇ? ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ, ಆದರೆ ಆಮೇಲೆ ದಿನವೂ ಕಾಡುವುದು ಅದೇ.

ವೈಫೈ ಕಾಣದಿದ್ದರೆ ಗಾಬರಿ ಬೇಡ. ಕೆಲವು ಬ್ರಾಡ್‌ಕಾಮ್ ಕಾರ್ಡುಗಳಿಗೆ ಡ್ರೈವರ್ ಬೇರೆಯಾಗಿ ಹಾಕಬೇಕು. ಮೊಬೈಲನ್ನು ಕೇಬಲ್ಲಿನಿಂದ ಸೇರಿಸಿ, ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಇಂಟರ್ನೆಟ್ ತಕ್ಷಣ ಬರುತ್ತದೆ. ಸಿಸ್ಟಮ್ ಹಾಕಿದ ಮೇಲೆ ಡ್ರೈವರ್ ಮ್ಯಾನೇಜರ್ ತೆರೆದರೆ ಬೇಕಾದ ಡ್ರೈವರನ್ನು ಅದೇ ತೋರಿಸುತ್ತದೆ.

ಪ್ರಿಂಟರ್ ಇದ್ದರೆ ಅದನ್ನೂ ಈಗಲೇ ಚುಚ್ಚಿ ನೋಡಿ. ಎಚ್‌ಪಿಯ ಬಹುತೇಕ ಪ್ರಿಂಟರುಗಳು, ವೈಫೈ ಇರುವ ಈಚಿನ ಮಾದರಿಗಳು ತಾವಾಗಿಯೇ ಸೇರಿಕೊಳ್ಳುತ್ತವೆ. ನಮ್ಮ ಜೆರಾಕ್ಸ್ ಅಂಗಡಿಗಳಲ್ಲಿ, ಸಣ್ಣ ಕಚೇರಿಗಳಲ್ಲಿ ಬಹಳವಾಗಿ ಕಾಣುವ ಕ್ಯಾನನ್ ಎಲ್‌ಬಿಪಿ 2900ಕ್ಕೆ ಮಾತ್ರ ಕ್ಯಾಪ್ಟ್ ಎಂಬ ಪ್ರತ್ಯೇಕ ಡ್ರೈವರ್ ಬೇಕು. ಅದನ್ನು ಕೂರಿಸುವುದು ಹೊಸಬರಿಗೆ ಕಷ್ಟ. ಆ ಪ್ರಿಂಟರ್ ಇದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹಂತ 5: ಇನ್‌ಸ್ಟಾಲ್

ಡೆಸ್ಕ್‌ಟಾಪ್ ಮೇಲಿರುವ ಇನ್‌ಸ್ಟಾಲ್ ಚಿತ್ರವನ್ನು ಒತ್ತಿ. ಇಲ್ಲಿ ಎಚ್ಚರ ಬೇಕಾದ ಪರದೆ ಒಂದೇ. ಇಡೀ ಡಿಸ್ಕ್ ಅಳಿಸಿ ಹಾಕಬೇಕೋ, ವಿಂಡೋಸ್ ಪಕ್ಕದಲ್ಲಿ ಹಾಕಬೇಕೋ ಎಂದು ಕೇಳುತ್ತದೆ. ನಿಧಾನವಾಗಿ ಓದಿ ಆರಿಸಿ. ಮಲ್ಟಿಮೀಡಿಯಾ ಕೋಡೆಕ್ ಹಾಕಲೇ ಎಂದು ಕೇಳಿದಾಗ ಹೌದೆನ್ನಿ, ಇಲ್ಲದಿದ್ದರೆ ಕೆಲವು ವಿಡಿಯೋಗಳು ಓಡುವುದಿಲ್ಲ. ಕೀಬೋರ್ಡ್ ಕೇಳುವಾಗ ಇಂಗ್ಲಿಷ್‌ನ ಭಾರತೀಯ, ರೂಪಾಯಿ ಇರುವ ವಿನ್ಯಾಸ ಆರಿಸಿ. ಆಗ ಬಲಗಡೆಯ ಆಲ್ಟ್ ಹಿಡಿದು 4 ಒತ್ತಿದರೆ ₹ ಬರುತ್ತದೆ.

ಹಾಕಿ ಮುಗಿದ ಮೇಲೆ ಮೊದಲ ಕೆಲಸ ಅಪ್‌ಡೇಟ್. ಟಾಸ್ಕ್‌ಬಾರಿನಲ್ಲಿ ಗುರಾಣಿಯ ಚಿತ್ರ ಕಾಣುತ್ತದೆ, ಅದೇ ಅಪ್‌ಡೇಟ್ ಮ್ಯಾನೇಜರ್. ಅದರ ಸಾಫ್ಟ್‌ವೇರ್ ಸೋರ್ಸಸ್ ಪುಟದಲ್ಲಿ ಹತ್ತಿರದ, ವೇಗವಾಗಿರುವ ಮಿರರ್ (ಅದೇ ಫೈಲುಗಳ ನಕಲು ಇಟ್ಟಿರುವ ಸರ್ವರ್) ಆರಿಸಿಕೊಂಡರೆ ಡೌನ್‌ಲೋಡ್ ಬೇಗ ಆಗುತ್ತದೆ. ಎರಡನೆಯದು ಟೈಮ್‌ಶಿಫ್ಟ್. ಇದು ಸಿಸ್ಟಮ್ಮಿನ ಈಗಿನ ಸ್ಥಿತಿಯನ್ನು ತೆಗೆದಿಡುತ್ತದೆ. ಮುಂದೆ ಏನಾದರೂ ಕೆಟ್ಟರೆ ಹಿಂದಿನ ದಿನಕ್ಕೆ ಮರಳಬಹುದು. ಒಂದು ವಿಷಯ ನೆನಪಿರಲಿ: ಟೈಮ್‌ಶಿಫ್ಟ್ ಸಿಸ್ಟಮ್ಮನ್ನು ಕಾಪಾಡುತ್ತದೆಯೇ ಹೊರತು ನಿಮ್ಮ ಫೋಟೋ, ಪತ್ರಗಳನ್ನಲ್ಲ. ಅವಕ್ಕೆ ಹೊರಗಿನ ಡಿಸ್ಕೇ ಗತಿ.

ಹಂತ 6: ಕನ್ನಡ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ಕೂರಬೇಕು. ಕನ್ನಡ ಸರಿಯಾಗಿ ಕೂತರೆ ಉಳಿದದ್ದೆಲ್ಲ ತಾನಾಗಿ ಹೊಂದಿಕೊಳ್ಳುತ್ತದೆ.

ಕನ್ನಡ ಓದಲು ನೀವು ಏನೂ ಮಾಡಬೇಕಾಗಿಲ್ಲ. ಒತ್ತಕ್ಷರಗಳನ್ನು ಜೋಡಿಸುವ ಕೆಲಸವನ್ನು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಮಾಡುತ್ತದೆ. ಫೈರ್‌ಫಾಕ್ಸ್, ಲಿಬ್ರೆಆಫೀಸ್, ಗಿಂಪ್, ಇಂಕ್‌ಸ್ಕೇಪ್ ಎಲ್ಲವೂ ಅದನ್ನೇ ಬಳಸುತ್ತವೆ. ಚಂದದ ಫಾಂಟ್ ಬೇಕಿದ್ದರೆ ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಗುಬ್ಬಿ, ನವಿಲು, ಲೋಹಿತ್ ಕನ್ನಡ ಹುಡುಕಿ ಹಾಕಿಕೊಳ್ಳಿ. ಗುಬ್ಬಿ ಓದಲು ಹಿತವಾಗಿದೆ. ನವಿಲು ಕೈಬರಹದಂತಿದೆ, ಆಮಂತ್ರಣ ಪತ್ರಿಕೆಗೆ ಒಪ್ಪುತ್ತದೆ. ಪುಸ್ತಕದ ಪುಟಕ್ಕೆ ನೋಟೋ ಸೆರಿಫ್ ಕನ್ನಡ ನೋಡಿ.

ಟೈಪಿಂಗ್‌ಗೆ ಹೀಗೆ ಮಾಡಿ. ಸಾಫ್ಟ್‌ವೇರ್ ಮ್ಯಾನೇಜರಿನಲ್ಲಿ ಐಬಸ್-ಎಂ17ಎನ್ (ibus-m17n) ಹುಡುಕಿ ಹಾಕಿ. ಮೆನುವಿನಲ್ಲಿ ಇನ್‌ಪುಟ್ ಮೆಥಡ್ ತೆರೆದು ಐಬಸ್ ಆರಿಸಿ. ಲಾಗೌಟ್ ಆಗಿ ಮತ್ತೆ ಬನ್ನಿ. ಈಗ ಐಬಸ್ ಪ್ರಿಫರೆನ್ಸಸ್ ತೆರೆದು, ಇನ್‌ಪುಟ್ ಮೆಥಡ್ ಟ್ಯಾಬ್‌ನಲ್ಲಿ ಆ್ಯಡ್ ಒತ್ತಿ, ಕನ್ನಡ ಆರಿಸಿದರೆ ಕೆಲವು ವಿನ್ಯಾಸಗಳು ಕಾಣುತ್ತವೆ. ನುಡಿಯಲ್ಲಿ ಟೈಪ್ ಮಾಡಿ ಕೈ ಪಳಗಿದವರು ಕೆಜಿಪಿ (ಕನ್ನಡ ಗಣಕ ಪರಿಷತ್ತಿನ ವಿನ್ಯಾಸ) ತೆಗೆದುಕೊಳ್ಳಿ. ಅದು ಕೆ.ಪಿ. ರಾವ್ ಅವರ ವಿನ್ಯಾಸದ ದಾರಿಯದೇ. ಇಂಗ್ಲಿಷ್ ಉಚ್ಚಾರದಂತೆ ಬರೆಯುವವರಿಗೆ ಐಟ್ರಾನ್ಸ್ ಇದೆ. ಇನ್‌ಸ್ಕ್ರಿಪ್ಟ್ ಕಲಿತವರಿಗೆ ಅದೂ ಇದೆ. ವಿಂಡೋಸ್ ಕೀಲಿ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಗ್ಲಿಷ್-ಕನ್ನಡ ಬದಲಾಗುತ್ತದೆ.

ವ್ಯತ್ಯಾಸ ನೋಡಬೇಕೇ? ‘ಕನ್ನಡ’ ಎಂದು ಬರೆಯಿರಿ. ಐಟ್ರಾನ್ಸ್‌ನಲ್ಲಿ ಪ್ರತಿ ಅಕ್ಷರಕ್ಕೂ ‘ಎ’ ಒತ್ತಬೇಕು, ಡಕಾರಕ್ಕೆ ಶಿಫ್ಟ್ ಬೇರೆ. ಕೆಜಿಪಿಯಲ್ಲಿ ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದೇ ಕೀಲಿ. ಎಫ್ ಒತ್ತಿದರೆ ಹಿಂದಿನ ಅಕ್ಷರದ ಅಕಾರ ಹೋಗಿ ಮುಂದಿನದು ಒತ್ತಾಗುತ್ತದೆ, ಡಬ್ಲ್ಯು ಎಂದರೆ ಡ. ದಿನಕ್ಕೆ ಹತ್ತು ಪುಟ ಬರೆಯುವವರಿಗೆ ಇದರಿಂದ ಎಷ್ಟು ಶ್ರಮ ಉಳಿಯುತ್ತದೆ ನೋಡಿ. ಇನ್ನೂ ಯಾವ ವಿನ್ಯಾಸವನ್ನೂ ಕಲಿಯದವರು ಕೆಜಿಪಿಯನ್ನೇ ಕಲಿಯಿರಿ ಎಂಬುದು ನನ್ನ ಸಲಹೆ.

ಲಿಬ್ರೆಆಫೀಸ್‌ನಲ್ಲೂ ಒಂದು ಸೆಟ್ಟಿಂಗ್ ಬದಲಿಸಬೇಕು. ಟೂಲ್ಸ್ ಮೆನುವಿನ ಆಪ್ಷನ್ಸ್ ತೆರೆದು, ಲ್ಯಾಂಗ್ವೇಜಸ್ ಭಾಗದಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ಗೆ ಟಿಕ್ ಹಾಕಿ ಕನ್ನಡ ಆರಿಸಿ. ರೈಟರ್ ವಿಭಾಗದಲ್ಲಿ ಬೇಸಿಕ್ ಫಾಂಟ್ಸ್ ಸಿಟಿಎಲ್ ಎಂಬ ಬೇರೆ ಪುಟವಿದೆ. ಕನ್ನಡದ ಫಾಂಟು, ಅಳತೆ ಅಲ್ಲಿ ಕೊಡಬೇಕು. ಇಂಗ್ಲಿಷಿಗೂ ಕನ್ನಡಕ್ಕೂ ಬೇರೆ ಬೇರೆ ಅಳತೆ ಇಡಲು ಬರುವುದು ಬಹಳ ಉಪಯೋಗ. ಒಂದೇ ಅಳತೆಯಲ್ಲಿ ಕೆಲವು ಕನ್ನಡ ಫಾಂಟುಗಳು ದಪ್ಪಗೆ ಕಾಣುತ್ತವೆ, ಅಲ್ವಾ?

ಇನ್ನು ಹಳೆಯ ನುಡಿ, ಬರಹ ಫೈಲುಗಳ ಗೋಳು. ಎಲ್ಲ ಯಂತ್ರಗಳಲ್ಲೂ ಕನ್ನಡ ಒಂದೇ ರೀತಿ ಓದಲು ಬರುವ ಯೂನಿಕೋಡ್ ವ್ಯವಸ್ಥೆ ಬರುವ ಮೊದಲು ಟೈಪ್ ಮಾಡಿದ ಪತ್ರ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಫೈಲ್ ಕೆಟ್ಟಿಲ್ಲ, ಫಾಂಟ್ ಇಲ್ಲ ಅಷ್ಟೆ. ನಿಮ್ಮ ವಿಂಡೋಸ್‌ನ ಫಾಂಟ್ಸ್ ಫೋಲ್ಡರಿನಿಂದ ‘ನುಡಿ 01 ಇ’ಯಂಥ ಫಾಂಟ್ ಫೈಲುಗಳನ್ನು ತಂದು, ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ‘.ಫಾಂಟ್ಸ್’ ಎಂಬ ಫೋಲ್ಡರ್ ಮಾಡಿ ಹಾಕಿ. ಫೋಲ್ಡರ್ ಹೆಸರನ್ನು ಇಂಗ್ಲಿಷ್‌ನ ಸಣ್ಣಕ್ಷರದಲ್ಲೇ ಕೊಡಬೇಕು. ಆಮೇಲೆ ಲಿಬ್ರೆಆಫೀಸ್ ಮುಚ್ಚಿ ತೆರೆದರೆ ಪತ್ರ ಓದಲು ಬರುತ್ತದೆ. ಆದರೆ ಅದು ಓದಲು ಮಾತ್ರ. ಮುಂದೆ ಹುಡುಕಬೇಕು, ಹಂಚಬೇಕು ಎಂದರೆ ಯೂನಿಕೋಡ್ ಪರಿವರ್ತಕದಿಂದ ಬದಲಿಸಿಕೊಂಡು, ಒಮ್ಮೆ ಕಣ್ಣಾರೆ ಓದಿ ತಿದ್ದಿ ಉಳಿಸಿ. ಅರ್ಕಾವತ್ತು ಬರುವ ಕಡೆ, ಅಂಕಿಗಳು ಬರುವ ಕಡೆ ಹೆಚ್ಚು ಗಮನ ಕೊಡಿ.

ಹಂತ 7: ತಂತ್ರಾಂಶ ಎಲ್ಲಿಂದ ತರಬೇಕು

ವಿಂಡೋಸ್‌ನಲ್ಲಿ ನಮಗೆ ಒಂದು ಕೆಟ್ಟ ಚಾಳಿ ಅಂಟಿರುತ್ತದೆ. ಗೂಗಲ್‌ನಲ್ಲಿ ಹುಡುಕುವುದು, ಮೊದಲು ಸಿಕ್ಕ ತಾಣದಿಂದ ಇಳಿಸುವುದು, ನೆಕ್ಸ್ಟ್ ನೆಕ್ಸ್ಟ್ ಒತ್ತುವುದು. ಲಿನಕ್ಸ್‌ಗೆ ಬಂದ ಮೇಲೆ ಇದನ್ನು ಬಿಡಿ. ಸಾಫ್ಟ್‌ವೇರ್ ಮ್ಯಾನೇಜರ್ ತೆರೆಯಿರಿ, ಹೆಸರು ಟೈಪ್ ಮಾಡಿ, ಇನ್‌ಸ್ಟಾಲ್ ಒತ್ತಿ. ಅಲ್ಲಿರುವುದನ್ನು ವಿತರಣೆಯವರು, ಅಂದರೆ ಆ ಲಿನಕ್ಸನ್ನು ಕಟ್ಟಿಕೊಡುವವರು, ಸಹಿ ಹಾಕಿ ಇಟ್ಟಿರುತ್ತಾರೆ. ಸಿಸ್ಟಮ್ಮಿನ ಜೊತೆಗೇ ಅವೂ ಅಪ್‌ಡೇಟ್ ಆಗುತ್ತವೆ. ಬೇಡವಾದರೆ ಅಲ್ಲೇ ತೆಗೆಯಬಹುದು.

ಕೆಲವು ತಂತ್ರಾಂಶಗಳಿಗೆ ಎರಡು ಆಯ್ಕೆ ಕಾಣುತ್ತವೆ: ಸಿಸ್ಟಮ್ ಪ್ಯಾಕೇಜ್ ಮತ್ತು ಫ್ಲಾಟ್‌ಪ್ಯಾಕ್. ಇದು ಎಲ್ಲರನ್ನೂ ಗೊಂದಲಕ್ಕೆ ಬೀಳಿಸುತ್ತದೆ. ಸಿಸ್ಟಮ್ ಪ್ಯಾಕೇಜ್ ಚಿಕ್ಕದು, ಆದರೆ ಆವೃತ್ತಿ ಸ್ವಲ್ಪ ಹಳೆಯದಿರುತ್ತದೆ. ಫ್ಲಾಟ್‌ಪ್ಯಾಕ್ ಹೊಸದು, ಆದರೆ ಮೊದಲ ಸಲ ತನ್ನ ಜೊತೆಗೆ ನೂರಾರು ಎಂಬಿಯ ಸಾಮಗ್ರಿ ಎಳೆದುಕೊಂಡು ಬರುತ್ತದೆ. ಮೊಬೈಲ್ ಡೇಟಾದಲ್ಲಿ ಇದ್ದವರಿಗೆ ಇದು ಮುಖ್ಯ. ನನ್ನ ರೂಢಿ ಹೀಗೆ: ದಿನದ ಕೆಲಸದ ತಂತ್ರಾಂಶಕ್ಕೆ ಸಿಸ್ಟಮ್ ಪ್ಯಾಕೇಜ್. ಆನ್‌ಲೈನ್‌ನಲ್ಲಿ ಬೇರೆಯವರ ಜೊತೆ ಆಡುವ ಆಟಕ್ಕೆ ಫ್ಲಾಟ್‌ಪ್ಯಾಕ್, ಏಕೆಂದರೆ ಅಂಥ ಆಟಗಳಲ್ಲಿ ಇಬ್ಬರ ಆವೃತ್ತಿಯೂ ಒಂದೇ ಇರಬೇಕು. ಮಿಂಟ್ 22ರಿಂದ ಮುಂದೆ, ಮೂಲ ತಯಾರಕರೇ ಹಾಕಿದ್ದೆಂದು ಖಚಿತವಾಗದ ಫ್ಲಾಟ್‌ಪ್ಯಾಕ್‌ಗಳು ಮೊದಲಿಗೆ ಕಾಣುವುದಿಲ್ಲ. ಹಾಗೇ ಇರಲಿ ಬಿಡಿ.

ಹಂತ 8: ಕೆಲಸದ ತಂತ್ರಾಂಶ

ಲಿಬ್ರೆಆಫೀಸ್, ಫೈರ್‌ಫಾಕ್ಸ್ ಮಿಂಟ್ ಜೊತೆಗೇ ಬರುತ್ತವೆ. ಬೇರೆಯವರು ಕಳಿಸಿದ ವರ್ಡ್ ಫೈಲ್ ತೆರೆದಾಗ ಪುಟ ಅಲ್ಲಾಡಿದಂತೆ ಕಂಡರೆ ಕಾರಣ ಹೆಚ್ಚಿನ ಸಲ ಫಾಂಟ್. ಕ್ಯಾಲಿಬ್ರಿ, ಕೇಂಬ್ರಿಯಾ ಮೈಕ್ರೋಸಾಫ್ಟ್‌ನವು, ಲಿನಕ್ಸ್‌ನಲ್ಲಿ ಇರುವುದಿಲ್ಲ. ಅವುಗಳ ಅಕ್ಷರದಗಲಕ್ಕೇ ಹೊಂದುವ ಕಾರ್ಲಿಟೊ, ಕ್ಯಾಲಡಿಯಾ ಫಾಂಟುಗಳನ್ನು ಹಾಕಿಕೊಳ್ಳಿ. ಸಾಲುಗಳು ಮತ್ತೆ ತಮ್ಮ ಜಾಗಕ್ಕೆ ಬರುತ್ತವೆ. ಕಚೇರಿಗೆ ಕೊನೆಯ ಪ್ರತಿ ಕಳಿಸುವಾಗ ಪಿಡಿಎಫ್ ಮಾಡಿ ಕಳಿಸುವುದು ಯಾವಾಗಲೂ ಒಳ್ಳೆಯದು.

ಚಿತ್ರಕ್ಕೆ ಗಿಂಪ್. 2025ರ ಮಾರ್ಚ್‌ನಲ್ಲಿ ಬಂದ 3.0 ಆವೃತ್ತಿಯಲ್ಲಿ ಮೂಲ ಚಿತ್ರ ಕೆಡದಂತೆ ಫಿಲ್ಟರ್ ಹಾಕಿ, ಆಮೇಲೆ ಬೇಕಾದಾಗ ಬದಲಿಸಬಹುದು. ಬ್ಯಾನರ್, ಲೋಗೋ ಮಾಡಲು ಇಂಕ್‌ಸ್ಕೇಪ್. ಇದರಲ್ಲಿ ಯೂನಿಕೋಡ್ ಕನ್ನಡ ನೇರವಾಗಿ ಬರೆಯಬಹುದು. ಪತ್ರಿಕೆ, ಪುಸ್ತಕ ಪುಟ ಕಟ್ಟುವವರಿಗೆ ಸ್ಕ್ರೈಬಸ್ ಇದೆ, ಆದರೆ 1.6 ಅಥವಾ ಅದಕ್ಕಿಂತ ಹೊಸದನ್ನೇ ಹಾಕಿ. ಹಿಂದಿನ 1.4ರಲ್ಲಿ ಕನ್ನಡದ ಒತ್ತಕ್ಷರ ಜೋಡಣೆಯಾಗುತ್ತಿರಲಿಲ್ಲ. ಹಾಡು, ಉಪನ್ಯಾಸ ರೆಕಾರ್ಡ್ ಮಾಡಿ ಕತ್ತರಿಸಲು ಆಡಾಸಿಟಿ, ವಿಡಿಯೋ ಜೋಡಿಸಲು ಕೆಡೆನ್‌ಲೈವ್, ಇ-ಪುಸ್ತಕ ಜೋಡಿಸಿಡಲು ಕ್ಯಾಲಿಬರ್. ಕ್ಯಾಲಿಬರನ್ನು 2006ರಲ್ಲಿ ಶುರುಮಾಡಿದವರು ಭಾರತದವರೇ ಆದ ಕೋವಿದ್ ಗೋಯಲ್. ಪಿಡಿಎಫ್ ಓದಿ ಗುರುತು ಹಾಕಲು ಓಕ್ಯುಲರ್ ಚೆನ್ನಾಗಿದೆ. ಕಡಿಮೆ ವಿದ್ಯುತ್ ಬಳಸುತ್ತದೆ, ಹಳೆಯ ಯಂತ್ರದಲ್ಲೂ ಓಡುತ್ತದೆ ಎಂಬಂಥ ಕಾರಣಗಳಿಗೆ 2022ರಲ್ಲಿ ಜರ್ಮನಿಯ ಬ್ಲೂ ಏಂಜೆಲ್ ಪರಿಸರ ಗುರುತು ಪಡೆದ ಮೊದಲ ತಂತ್ರಾಂಶ ಅದು.

ಹಂತ 9: ಮಕ್ಕಳ ಲಾಗಿನ್

ಮಕ್ಕಳಿಗೆ ಬೇರೆ ಯೂಸರ್ ಮಾಡಿಕೊಡಿ, ಅಡ್ಮಿನಿಸ್ಟ್ರೇಟರ್ ಅಧಿಕಾರ ಕೊಡಬೇಡಿ. ಆಗ ಅವರು ಏನು ಒತ್ತಿದರೂ ನಿಮ್ಮ ಫೈಲುಗಳಿಗೆ ಏನೂ ಆಗುವುದಿಲ್ಲ.

ಚಿಕ್ಕವರಿಗೆ ಮೊದಲು ಟಕ್ಸ್ ಪೇಂಟ್. ಬಿಲ್ ಕೆಂಡ್ರಿಕ್ 2002ರಲ್ಲಿ ಶುರುಮಾಡಿದ್ದು. ಕುಂಚ ಎಳೆದರೆ ಸದ್ದು ಬರುತ್ತದೆ, ಅಚ್ಚು ಒತ್ತಬಹುದು, ಫೈಲ್ ಹೆಸರು ಕೇಳಿ ಮಗುವನ್ನು ಗೊಂದಲ ಮಾಡುವುದಿಲ್ಲ. ಇದಕ್ಕೆ ಕನ್ನಡ ಅನುವಾದವಿದೆ. ಟಕ್ಸ್ ಪೇಂಟ್ ಕಾನ್ಫಿಗ್ ಎಂಬ ಜೊತೆಯ ತಂತ್ರಾಂಶದಲ್ಲಿ ಭಾಷೆ ಕನ್ನಡ ಮಾಡಿ, ಪೂರ್ತಿ ಪರದೆ ಆನ್ ಮಾಡಿ ಕೊಡಿ.

ಅದರ ಮುಂದಿನದು ಜಿಕಾಂಪ್ರಿ. 2ರಿಂದ 10 ವರ್ಷದ ಮಕ್ಕಳಿಗೆಂದು ಮಾಡಿದ್ದು, ನೂರಕ್ಕೂ ಹೆಚ್ಚು ಚಟುವಟಿಕೆಗಳಿವೆ. ಮೌಸ್ ಹಿಡಿಯುವುದು, ಎಣಿಸುವುದು, ಗಡಿಯಾರ ನೋಡುವುದು, ಚದುರಂಗ, ವಿದ್ಯುತ್ ಮಂಡಲ. ಎಲ್ಲವನ್ನೂ ಒಂದೇ ದಿನ ತೋರಿಸಬೇಡಿ, ಒಂದೆರಡು ಆರಿಸಿ ಪಕ್ಕದಲ್ಲಿ ಕೂರಿ.

ಹೈಸ್ಕೂಲ್ ಮಕ್ಕಳಿಗೆ ಪರದೆಯ ಮೇಲೆ ಆಕಾಶ ತೋರಿಸುವ ಸ್ಟೆಲೇರಿಯಂ ಬೇಕೇ ಬೇಕು. ಎಫ್6 ಒತ್ತಿ ನಿಮ್ಮೂರನ್ನು ಆರಿಸಿ. ‘ಎಲ್’ ಕೀಲಿ ಒತ್ತುತ್ತಾ ಹೋದರೆ ಕಾಲ ವೇಗವಾಗಿ ಓಡುತ್ತದೆ, ‘ಕೆ’ ಒತ್ತಿದರೆ ಮಾಮೂಲಿ ವೇಗ, 8 ಒತ್ತಿದರೆ ಈ ಕ್ಷಣ. ಸಂಜೆ ಏಳಕ್ಕೆ ಪೂರ್ವದಲ್ಲಿ ಯಾವ ನಕ್ಷತ್ರ ಏಳುತ್ತದೆ ಎಂದು ಪರದೆಯಲ್ಲಿ ನೋಡಿ, ತಾರಸಿಗೆ ಹೋಗಿ ಅದನ್ನೇ ಹುಡುಕಲಿ.

ಹಂತ 10: ಆಟಗಳು

ಲಿನಕ್ಸ್‌ನಲ್ಲಿ ಆಟವೇ ಇಲ್ಲ ಎನ್ನುವ ಮಾತು ತುಂಬ ಹಳೆಯದು. ಇಲ್ಲಿ ಹೇಳುವ ಆಟಗಳಲ್ಲಿ ಜಾಹೀರಾತಿಲ್ಲ, ನಾಣ್ಯ ಕೊಳ್ಳಿ ಎಂಬ ಪೀಡನೆಯಿಲ್ಲ, ದಿನಾ ಬಂದು ಹಾಜರಿ ಹಾಕಿ ಎಂಬ ಒತ್ತಾಯವಿಲ್ಲ. ಮಕ್ಕಳಿರುವ ಮನೆಯಲ್ಲಿ ಇದಕ್ಕಿಂತ ದೊಡ್ಡ ಅನುಕೂಲ ಯಾವುದು?

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೆಯ ಯಂತ್ರಕ್ಕೆ ಮೊದಲು ಬ್ಯಾಟಲ್ ಫಾರ್ ವೆಸ್ನಾತ್. ಡೇವಿಡ್ ವೈಟ್ 2003ರಲ್ಲಿ ಹೊರತಂದ ಯುದ್ಧತಂತ್ರದ ಆಟ. ಷಟ್ಕೋನದ ಮನೆಗಳ ಮೇಲೆ ಸರದಿಯ ಪ್ರಕಾರ ನಡೆಯುತ್ತದೆ, ಆತುರವಿಲ್ಲ. ಮೊದಲು ಟ್ಯುಟೋರಿಯಲ್ ಮುಗಿಸಿ, ಆಮೇಲೆ ‘ಎ ಟೇಲ್ ಆಫ್ ಟೂ ಬ್ರದರ್ಸ್’ ಎಂಬ ಸುಲಭ ಕಥೆ ಆಡಿ. ಗೆಲ್ಲಬೇಕಾದರೆ ಹೊತ್ತು ನೋಡಬೇಕು. ಹಗಲಿನ ಪಡೆಗಳ ಹೊಡೆತ ಹಗಲಲ್ಲಿ ಶೇ. 25 ಜಾಸ್ತಿ, ರಾತ್ರಿ ಅಷ್ಟೇ ಕಡಿಮೆ. ರಾತ್ರಿಯ ಪಡೆಗಳಿಗೆ ಇದು ತಿರುಗುಮುರುಗು. ಅಂದರೆ ಸಂಜೆಯಾಗುತ್ತಿರುವಾಗ ಅಸ್ಥಿಪಂಜರದ ಪಡೆಯ ಮೇಲೆ ನುಗ್ಗಬಾರದು. ಕಾಡಿಗೋ ಕೋಟೆಗೋ ಹಿಂದೆ ಸರಿದು, ಬೆಳಗಾದ ಮೇಲೆ ಹೊರಬರಬೇಕು. ಅವುಗಳ ಮೇಲೆ ಕತ್ತಿ ಅಷ್ಟಾಗಿ ನಾಟುವುದಿಲ್ಲ, ಬೆಂಕಿ ಮತ್ತು ಗದೆ ಕಳಿಸಿ. ಒಂದೇ ಲ್ಯಾಪ್‌ಟಾಪಿನಲ್ಲಿ ಇಬ್ಬರು ಸರದಿಯಂತೆ ಆಡಲೂಬಹುದು.

ಓಪನ್‌ಟಿಟಿಡಿ ಇನ್ನೊಂದು ಹಗುರ ಆಟ, ರೈಲು ಬಸ್ಸು ಓಡಿಸಿ ಸಾರಿಗೆ ಕಂಪನಿ ಕಟ್ಟುವುದು. 1995ರ ಟ್ರಾನ್ಸ್‌ಪೋರ್ಟ್ ಟೈಕೂನ್ ಡೀಲಕ್ಸ್ ಆಟವನ್ನು ಮುಕ್ತ ತಂತ್ರಾಂಶವಾಗಿ ಮರಳಿ ಕಟ್ಟಿದ್ದು, 2004ರಿಂದ ಇದೆ. ಮೂಲ ಆಟದ ಚಿತ್ರಗಳಿಲ್ಲದೆಯೂ ಆಡಲೆಂದು ಓಪನ್‌ಜಿಎಫ್‌ಎಕ್ಸ್ ಎಂಬ ಚಿತ್ರಗುಚ್ಛವಿದೆ. ಆಟ ಕೇಳಿದರೆ ಇಳಿಸಿಕೊಳ್ಳಲು ಒಪ್ಪಿಗೆ ಕೊಡಿ. ಹೊಸಬರು ಮೊದಲೇ ಊರೂರಿಗೆ ಬಸ್ ಬಿಟ್ಟು ಹಣ ಕರಗಿಸುತ್ತಾರೆ. ಹಾಗೆ ಮಾಡಬೇಡಿ. ಒಂದು ಕಲ್ಲಿದ್ದಲ ಗಣಿ, ಸ್ವಲ್ಪ ದೂರದಲ್ಲಿ ಒಂದು ವಿದ್ಯುತ್ ಸ್ಥಾವರ ಹುಡುಕಿ. ಎರಡರ ಪಕ್ಕದಲ್ಲೂ ರೈಲು ನಿಲ್ದಾಣ, ನಡುವೆ ಹಳಿ, ಒಂದು ಶೆಡ್. ರೈಲಿಗೆ ಗಣಿಯಲ್ಲಿ ‘ಪೂರ್ತಿ ತುಂಬುವವರೆಗೆ ಕಾಯಿ’ ಎಂಬ ಆದೇಶ ಕೊಡಿ. ನಿಲ್ದಾಣದ ವ್ಯಾಪ್ತಿಯೊಳಗೆ ಗಣಿ ಬಂದಿದೆಯೇ ಎಂದು ಕಟ್ಟುವ ಮೊದಲೇ ನೋಡಿಕೊಳ್ಳಿ. ಈ ಒಂದು ಸಾಲು ಲಾಭಕ್ಕೆ ಬಂದ ಮೇಲೆ ಎರಡನೇ ರೈಲು, ಆಗ ಸಿಗ್ನಲ್ ಕಲಿಯಿರಿ. ಒಂದು ರವಿವಾರ ಹೋದದ್ದೇ ತಿಳಿಯುವುದಿಲ್ಲ.

ಮನೆಗೆ ನೆಂಟರ ಮಕ್ಕಳು ಬಂದರೆ ಸೂಪರ್‌ಟಕ್ಸ್‌ಕಾರ್ಟ್. ಒಂದೇ ಪರದೆ ಹಂಚಿಕೊಂಡು ಇಂಟರ್ನೆಟ್ ಇಲ್ಲದೆ ಓಟ ನಡೆಸಬಹುದು. ಗೇಮ್‌ಪ್ಯಾಡ್ ಇಲ್ಲದಿದ್ದರೂ ಆಗುತ್ತದೆ: ಆಪ್ಷನ್ಸ್‌ನಲ್ಲಿ ಕಂಟ್ರೋಲ್ಸ್‌ಗೆ ಹೋಗಿ ಇನ್ನೊಂದು ಕೀಬೋರ್ಡ್ ವಿನ್ಯಾಸ ಸೇರಿಸಿ, ಎರಡನೆಯವರಿಗೆ ಬೇರೆ ಕೀಲಿಗಳನ್ನು ಕೊಡಿ. ಆಟ ತಡವರಿಸಿದರೆ ಗ್ರಾಫಿಕ್ಸ್ ಮಟ್ಟ ಇಳಿಸಿ.

ಯಂತ್ರ ಸ್ವಲ್ಪ ಗಟ್ಟಿಯಾಗಿದ್ದರೆ 0 ಎ.ಡಿ. ಹಾಕಿ. ಡೌನ್‌ಲೋಡ್ 1 ಜಿಬಿಗಿಂತ ಜಾಸ್ತಿ ಇದೆ, ವೈಫೈ ಇರುವಾಗಲೇ ಇಳಿಸಿ. ಪ್ರಾಚೀನ ಕಾಲದ ರಾಜ್ಯ ಕಟ್ಟುವ ಆಟ. ರೋಮ್, ಪರ್ಷಿಯಾಗಳ ಜೊತೆ ಮೌರ್ಯರೂ ಇದ್ದಾರೆ, ಚಂದ್ರಗುಪ್ತ, ಅಶೋಕ, ಚಾಣಕ್ಯ ವೀರರಾಗಿ ಬರುತ್ತಾರೆ. ಮೌರ್ಯರ ಕೆಲಸದ ಆನೆಯನ್ನು ಕಾಡಿನ ಪಕ್ಕ ನಿಲ್ಲಿಸಿದರೆ ಜನ ಕಡಿದ ಮರವನ್ನು ಅಲ್ಲೇ ಒಪ್ಪಿಸಬಹುದು, ಊರಿಗೆ ಓಡಾಡುವ ಹೊತ್ತು ಉಳಿಯುತ್ತದೆ. ಅಶೋಕನ ಹೆಸರು ನೇರವಾಗಿ ಸಿಕ್ಕ ಮಸ್ಕಿಯ ಶಾಸನ ನಮ್ಮ ರಾಯಚೂರು ಜಿಲ್ಲೆಯಲ್ಲೇ ಇದೆ. ಆಟದಲ್ಲಿ ಅಶೋಕನನ್ನು ಕಂಡ ಮಕ್ಕಳಿಗೆ ಇದನ್ನೂ ಹೇಳಿ. ಆಟ ನಿಧಾನವಾದರೆ ನೆರಳು ಮತ್ತು ನೀರಿನ ಪರಿಣಾಮಗಳನ್ನು ಆಫ್ ಮಾಡಿ.

ಮೈನ್‌ಕ್ರಾಫ್ಟ್ ಬೇಕು ಎಂದು ಹಟ ಹಿಡಿಯುವವರಿಗೆ ಲುವಾಂಟಿ ಇದೆ. 2024ರ ಅಕ್ಟೋಬರ್‌ವರೆಗೆ ಇದರ ಹೆಸರು ಮೈನ್‌ಟೆಸ್ಟ್. ಇದು ಬರೀ ಎಂಜಿನ್. ಹಾಕಿದ ಮೇಲೆ ಅದರೊಳಗಿನ ಕಂಟೆಂಟ್ ಟ್ಯಾಬ್‌ನಿಂದ ಮಿನೆಕ್ಲೋನಿಯಾದಂಥ ಒಂದು ಆಟ ಇಳಿಸಿಕೊಳ್ಳಬೇಕು. ಇದು ಗೊತ್ತಿಲ್ಲದೆ ಖಾಲಿ ಪರದೆ ನೋಡಿ ತೆಗೆದುಹಾಕುವವರೇ ಜಾಸ್ತಿ. ಮಕ್ಕಳಿಗೆ ಮನೆಯೊಳಗಿನ ಆಟ ಸಾಕು. ಸಾರ್ವಜನಿಕ ಸರ್ವರುಗಳಲ್ಲಿ ಅಪರಿಚಿತರ ಮಾತುಕತೆ ಇರುತ್ತದೆ, ಮೊದಲು ನೀವೇ ಹೋಗಿ ನೋಡಿ.

ಕೊನೆಯ ಹಂತ: ನಿಮ್ಮ ಪಾಲು

ಬಳಸುತ್ತಾ ಹೋದಂತೆ ಕನ್ನಡವಾಗದ ಸಾಲುಗಳು ಕಣ್ಣಿಗೆ ಬೀಳುತ್ತವೆ. ಅರ್ಧ ಮೆನು ಕನ್ನಡ, ಅರ್ಧ ಇಂಗ್ಲಿಷ್. ಅನುವಾದಿಸಲು ಯಾರೂ ಬಾರದ ಕಾರಣ ಅವು ಹಾಗೆ ಉಳಿದಿವೆ, ಬೇರೇನಿಲ್ಲ. ಪ್ರೋಗ್ರಾಮಿಂಗ್ ಬರಬೇಕಾಗಿಲ್ಲ. ಲಿಬ್ರೆಆಫೀಸ್, ಲುವಾಂಟಿ ಎರಡರ ಅನುವಾದವೂ ವೆಬ್ಲೇಟ್ ಎಂಬ ವ್ಯವಸ್ಥೆಯಲ್ಲಿ ನಡೆಯುತ್ತದೆ. ಬ್ರೌಸರಿನಲ್ಲೇ ಖಾತೆ ತೆರೆದು, ಭಾಷೆ ಕನ್ನಡ ಆರಿಸಿದರೆ ಎಡಗಡೆ ಮೂಲ, ಬಲಗಡೆ ಖಾಲಿ ಪೆಟ್ಟಿಗೆ. ಮೊದಲು ದಿನಾ ಕಣ್ಣಿಗೆ ಬೀಳುವ ಮೆನುಗಳಿಂದ ಶುರುಮಾಡಿ. ಹಿಂದಿನವರು ಬಳಸಿದ ಪದಗಳನ್ನು ನೋಡಿ, ಅದನ್ನೇ ಮುಂದುವರಿಸಿ. ಒಂದೇ ಗುಂಡಿಗೆ ಮೂರು ಕಡೆ ಮೂರು ಹೆಸರು ಬೇಡ. ಶೇಕಡಾ ಚಿಹ್ನೆಯ ಜೊತೆ ಬರುವ ಅಕ್ಷರಗಳನ್ನು, ಕಂಸದೊಳಗಿನ ಗುರುತುಗಳನ್ನು ಮೂಲದಲ್ಲಿ ಇದ್ದ ಹಾಗೇ ಬಿಡಿ, ಅವು ತಂತ್ರಾಂಶ ತುಂಬಿಕೊಳ್ಳುವ ಜಾಗಗಳು. ನೀವು ಬರೆದದ್ದು ಸಾಮಾನ್ಯವಾಗಿ ಮುಂದಿನ ಬಿಡುಗಡೆಯಲ್ಲಿ ಸೇರುತ್ತದೆ, ಅಪ್‌ಡೇಟ್ ಆದ ಪ್ರತಿ ಯಂತ್ರಕ್ಕೂ ಹೋಗುತ್ತದೆ.